ಹೆಸರು ಬರೆಯಬೇಡಿ, ಮಕ್ಕಳೇ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಕಾಲೇಜಿನ ಪ್ರಾಂಶುಪಾಲರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದಷ್ಟು ಒಳ್ಳೆಯ ಮಾತುಗಳನ್ನಾಡಿದ ಮುಖ್ಯ ಅತಿಥಿಗಳಾದ ಶಿಕ್ಷಣ ಇಲಾಖೆಯ ನಿರ್ದೇಶಕರೇ, ಮೂವತ್ತೊಂದು ವರ್ಷ ನನ್ನ ಕಾಟ ಸಹಿಸಿದ ಸಹೋದ್ಯೋಗಿಗಳೇ, ಬರುವ ವರ್ಷ ಮೇಷ್ಟ್ರು ಮೇಡಂಗಳಾಗಲಿರುವ ವಿದ್ಯಾರ್ಥಿಗಳೇ, ಕೊನೆಯ ಸಾಲಿನಲ್ಲಿ ಕುಳಿತು ಆಗಲೇ ಬಾಗಿಲ ಕಡೆಗೆ ನೋಡುತ್ತಿರುವ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ನಿವೃತ್ತಿಯ ದಿನ ಮನುಷ್ಯರ ಮೇಲೆ ಬೀಳುವಷ್ಟು ಹೊಗಳಿಕೆ ಮತ್ತಾವ ದಿನವೂ ಬೀಳುವುದಿಲ್ಲ. ಸಂಕೋಚ ಪಡಬೇಕು ಎನ್ನುತ್ತಾರೆ. ನಾನು ಪಡುವುದಿಲ್ಲ. ಖುಷಿಯಾಗಿದೆ. ಹೊಗಳಿದ್ದರಲ್ಲಿ ಅರ್ಧವಾದರೂ ನಿಜ ಎಂದು ನನ್ನ ಅಂದಾಜು, ಉಳಿದರ್ಧವನ್ನು ನೀವು ಪ್ರೀತಿಯಿಂದ ಸೇರಿಸಿದ್ದೀರಿ. ಈ ಫಲಕವೂ ಚೆನ್ನಾಗಿದೆ. ಬಹಳ ಭಾರ ಇದೆ. ನಮ್ಮ ಜವಾನರು ಬೆಳಿಗ್ಗೆಯಿಂದ ಇದನ್ನು ಎರಡು ಸಲ ಕೆಳಗೆ ಹಾಕಿದರೂ ಏನೂ ಆಗಿಲ್ಲ ಎಂದರೆ ಗಟ್ಟಿಮುಟ್ಟಾಗಿಯೇ ಇರಬೇಕು.

ಇವತ್ತು ನೀವು ಸನ್ಮಾನ ಮಾಡುತ್ತಿರುವುದು ನನಗೆ ಎನ್ನುವುದಕ್ಕಿಂತ ಈ ಮೇಜಿನ ಮೇಲಿರುವ ಹಾಳೆಗಳಿಗೆ. ಬಂದವರಲ್ಲಿ ಪೋಷಕರೂ ಇದ್ದೀರಿ, ಆದ್ದರಿಂದ ಒಂದು ಮಾತು ಬಿಡಿಸಿ ಹೇಳುತ್ತೇನೆ. ಮಗುವಿಗೆ ವಿಜ್ಞಾನ ಎಷ್ಟು ಬರುತ್ತದೆ ಎಂದು ತಿಳಿಯಲು ಪರೀಕ್ಷೆ ಇದೆ. ಆದರೆ ವಿಜ್ಞಾನದ ಮೇಲೆ, ಕಲಿಯುವುದರ ಮೇಲೆ ಮಗುವಿಗೆ ಮನಸ್ಸು ಇದೆಯೋ ಇಲ್ಲವೋ, ಅದನ್ನು ತಿಳಿಯುವುದು ಹೇಗೆ? ನೂರಕ್ಕೆ ತೊಂಬತ್ತು ತೆಗೆದ ಮಗು ಪರೀಕ್ಷೆ ಮುಗಿದ ಮರುದಿನ ಪುಸ್ತಕವನ್ನು ಅಟ್ಟಕ್ಕೆ ಎಸೆಯುವುದನ್ನು ನಾವು ಯಾರು ನೋಡಿಲ್ಲ? ಅದಕ್ಕಾಗಿ ನಲವತ್ತು ವಾಕ್ಯಗಳು. ಪ್ರತಿ ವಾಕ್ಯದ ಮುಂದೆ ಐದು ಚೌಕಗಳು. ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಒಂಚೂರೂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ. ಮಗು ತನಗನಿಸಿದ ಚೌಕದಲ್ಲಿ ಗುರುತು ಹಾಕಬೇಕು, ಐದರಿಂದ ಒಂದರವರೆಗೆ ಅಂಕ ಕೊಟ್ಟು ನಾವು ಕೂಡಬೇಕು. ಅಷ್ಟೇ. ಇದಕ್ಕೆ ಮನೋಭಾವ ಮಾಪಕ ಎಂದು ಹೆಸರು. ಕೇಳಲು ದೊಡ್ಡದು, ನೋಡಲು ನಾಲ್ಕು ಪುಟ.

ಈ ನಾಲ್ಕು ಪುಟಗಳನ್ನು ಇಪ್ಪತ್ತಮೂರು ವರ್ಷ ತಿದ್ದಿದ್ದೇನೆ. ಒಂದು ವಾಕ್ಯದಲ್ಲಿ "ಸಾಮಾನ್ಯವಾಗಿ" ಎಂಬ ಪದ ಇರಬೇಕೋ ಬೇಡವೋ ಎಂದು ಎರಡು ಬೇಸಿಗೆ ರಜೆ ಕಳೆದಿದ್ದೇನೆ. ನಕ್ಕುಬಿಡಿ, ಪರವಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಇವತ್ತು ಈ ಹೆಗ್ಗಣದ ಐದನೇ ಆವೃತ್ತಿ ಬಿಡುಗಡೆಯಾಗಿದೆ, ಹಿಂದಿನ ಆವೃತ್ತಿಗಳನ್ನು ಮುನ್ನೂರಕ್ಕೂ ಹೆಚ್ಚು ಶಾಲೆಗಳು ಬಳಸಿವೆ, ಒಂದು ಶಾಲೆಯವರೂ ಮಕ್ಕಳು ಸುಳ್ಳು ಬರೆದರು ಎಂದು ದೂರಿಲ್ಲ. ಅದು ನನ್ನ ಹೆಮ್ಮೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಇಷ್ಟು ಹೆಮ್ಮೆ ನನಗೆ ನನ್ನ ಪದವಿಯ ಬಗ್ಗೆಯೂ ಇಲ್ಲ.

ನಿರ್ದೇಶಕರು ಮಾತನಾಡುತ್ತಾ ನಮ್ಮ ಮಾಪಕಕ್ಕೆ ಮೊದಲ ವರ್ಷವೇ ಒಂದು ಬಹುಮಾನ ಬಂದಿತ್ತು ಎಂದರು. ನಿಜ. ಆ ಕಥೆಯನ್ನು ತಮಾಷೆಗೆಂದು ಹೇಳಿ ನನ್ನ ಮಾತು ಮುಗಿಸೋಣ ಎಂದೇ ಚೀಟಿ ಬರೆದುಕೊಂಡು ಬಂದಿದ್ದೆ.

ನಡೆದದ್ದು ಹೀಗೆ. ನಮ್ಮ ಆವರಣದಲ್ಲೇ ಇರುವ ಮಾದರಿ ಶಾಲೆಯ ಎಂಟನೇ ತರಗತಿಗೆ ಆಗ ನಾನೇ ವಿಜ್ಞಾನ ಪಾಠ ಮಾಡುತ್ತಿದ್ದೆ. ಮೂವತ್ತೆಂಟು ಮಕ್ಕಳು. ವರ್ಷದ ಶುರುವಿನಲ್ಲಿ ಹಾಳೆ ಕೊಟ್ಟೆ. "ಹೆಸರು ಬರೆಯಬೇಡಿ, ಮಕ್ಕಳೇ. ಯಾರು ಏನು ಬರೆದರು ಅಂತ ಯಾರಿಗೂ ಗೊತ್ತಾಗಲ್ಲ. ಮನಸ್ಸಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ" ಎಂದೆ. ಆಗ ಬಂದ ಸರಾಸರಿ ಇನ್ನೂರಕ್ಕೆ ನೂರ ಹದಿನೆಂಟು. ಇತ್ತ ಇಷ್ಟವೂ ಅಲ್ಲ, ಅತ್ತ ಅನಿಷ್ಟವೂ ಅಲ್ಲ. ಆರು ತಿಂಗಳು ಚಟುವಟಿಕೆ, ಪ್ರಯೋಗ, ಚಾರ್ಟು ಎಂದು ಹೊಸ ರೀತಿಯಲ್ಲಿ ಪಾಠ ಮಾಡಿ, ಅದೇ ಹಾಳೆ ಮತ್ತೆ ಕೊಟ್ಟೆ. ಸರಾಸರಿ ನೂರ ಎಂಬತ್ತೇಳು! ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ. ವಾರ್ಷಿಕ ಸಮ್ಮೇಳನದಲ್ಲಿ ಗ್ರಾಫು ತೋರಿಸಿದೆ, ಗೆರೆ ಕಾಗದದ ತುದಿ ಮುಟ್ಟುತ್ತಿತ್ತು. ಬಹುಮಾನದ ಗುರಾಣಿ ಹಿಡಿದುಕೊಂಡು ಬಂದೆ.

ಮರುದಿನ ನಮ್ಮ ಅಂಕಿಸಂಖ್ಯೆಯ ಮೇಷ್ಟ್ರು ನನ್ನ ಕೋಣೆಗೆ ಬಂದರು. ಅವರು ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ನಾನು ಮೈಕಿನ ಮುಂದೆ ಬಂದ ಕೂಡಲೇ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡದ್ದನ್ನು ನೋಡಿದೆ, ಹಾಗಾಗಿ ಧೈರ್ಯವಾಗಿ ಹೇಳಬಹುದು. "ಮೇಡಂ, ಆ ಎರಡನೇ ಸಲದ ಕಟ್ಟು ಕೊಡ್ತೀರಾ, ಸುಮ್ನೆ ನೋಡ್ತೀನಿ" ಎಂದರು. ಅವರು ಸುಮ್ಮನೆ ನೋಡಿದ್ದು ಯಾವತ್ತೂ ಇಲ್ಲ. ಸಂಜೆ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಇದನ್ನ ಕೂಡಿದ್ದು ಯಾರು?" ಎಂದು ಕೇಳಿದರು.

"ತರಬೇತಿ ವಿದ್ಯಾರ್ಥಿಗಳು, ಸಾರ್. ನಾನು ಮೊತ್ತ ಮಾತ್ರ ತಗೊಂಡೆ."

"ತಿರುಗಿಸಿ ಕೂಡಬೇಕಾದ್ದನ್ನ ತಿರುಗಿಸಿಲ್ಲ."

ಇದೊಂದು ನಮ್ಮ ಕಸುಬಿನ ಸೂಕ್ಷ್ಮ. ನಲವತ್ತು ವಾಕ್ಯಗಳಲ್ಲಿ ಇಪ್ಪತ್ತು ನೇರ, ಇಪ್ಪತ್ತು ತಿರುವುಮುರುವು. "ವಿಜ್ಞಾನ ನನಗೆ ಇಷ್ಟ" ಎಂಬುದಕ್ಕೆ ಪೂರ್ತಿ ಒಪ್ಪಿದರೆ ಐದು ಅಂಕ. "ವಿಜ್ಞಾನದ ತರಗತಿ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುತ್ತೇನೆ" ಎಂಬುದಕ್ಕೆ ಪೂರ್ತಿ ಒಪ್ಪಿದರೆ ಒಂದೇ ಅಂಕ. ಮಗು ಓದದೆ ಗೀಚಿತೋ, ಓದಿ ಗೀಚಿತೋ ತಿಳಿಯಲೆಂದೇ ಹೀಗೆ ಮಾಡುತ್ತೇವೆ. ಮೊದಲ ಸಲ ನಾನೇ ಕುಳಿತು ಕೂಡಿದ್ದೆ, ತಿರುಗಿಸಿದ್ದೆ. ಎರಡನೇ ಸಲ ನಮ್ಮ ವಿದ್ಯಾರ್ಥಿಗಳು ಎಲ್ಲ "ಪೂರ್ತಿ ಒಪ್ಪುತ್ತೇನೆ"ಗಳಿಗೂ ಕಣ್ಣುಮುಚ್ಚಿ ಐದೈದು ಕೊಟ್ಟಿದ್ದರು.

ಮೇಷ್ಟ್ರು ಹಾಳೆಗಳನ್ನು ಒಂದೊಂದಾಗಿ ನನ್ನ ಮುಂದೆ ಹರಡಿದರು. ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಹಾಳೆಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಚೌಕದ ಸಾಲು. ಎಲ್ಲದಕ್ಕೂ ಪೂರ್ತಿ ಒಪ್ಪುತ್ತೇನೆ. ವಿಜ್ಞಾನ ಇಷ್ಟ, ಪೂರ್ತಿ ಒಪ್ಪುತ್ತೇನೆ. ವಿಜ್ಞಾನ ಕಷ್ಟ, ಬೇಸರ, ನಿದ್ದೆ ಬರುತ್ತದೆ, ಪೂರ್ತಿ ಒಪ್ಪುತ್ತೇನೆ. ಸರಿಯಾಗಿ ಕೂಡಿದರೆ ಪ್ರತಿ ಹಾಳೆಗೂ ನೂರ ಇಪ್ಪತ್ತು. ಅದು ನಟ್ಟನಡುವೆ. ಅಂದರೆ ಮಕ್ಕಳು ಏನೂ ಹೇಳಿಯೇ ಇಲ್ಲ! "ನೀವು ಮಕ್ಕಳನ್ನ ಅಳೀತಿದ್ದೀರಿ ಅಂದುಕೊಂಡಿದ್ದೀರಿ. ಅವರು ಕೂತಲ್ಲೇ ನಿಮ್ಮನ್ನ ಅಳೆದು ಮುಗಿಸಿದಾರೆ" ಎಂದು ಹೇಳಿ, ನನ್ನ ಚಹಾವನ್ನೂ ಕುಡಿದು ಹೋದರು.

ಗುರಾಣಿಯನ್ನು ವಾಪಸ್ಸು ಕಳಿಸಲು ನನಗೆ ಮೂರು ವಾರ ಬೇಕಾಯಿತು. ಸಮ್ಮೇಳನದವರಿಗೆ ಪತ್ರ ಬರೆದೆ. ಕೂಡುವುದರಲ್ಲಿ ತಪ್ಪಾಗಿದೆ, ಕ್ಷಮಿಸಿ ಎಂದು. ಹತ್ತು ಜನ ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದರು. ನನ್ನ ಚೀಟಿಯಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಇಲ್ಲಿ ನೀವು ನಗಬೇಕು, ನಾನು ವಂದನೆ ಹೇಳಿ ಕೂರಬೇಕು.

ಆದರೆ ಸ್ನೇಹಿತರೇ, ಒಂದು ಪ್ರಶ್ನೆ ಉಳಿಯಿತಲ್ಲ? ಹದಿಮೂರು ವರ್ಷದ ಇಪ್ಪತ್ತೊಂಬತ್ತು ಮಕ್ಕಳು ಒಟ್ಟಿಗೆ ಯಾಕೆ ಹಾಗೆ ಮಾಡಿದರು? ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ನನ್ನನ್ನು ಕೇಳಲಿಲ್ಲ. ಕೇಳದಿದ್ದದ್ದು ನನಗೂ ಒಳ್ಳೆಯದೇ ಆಯಿತು. ಹೇಳಬೇಕೆಂದು ಬಂದಿರಲಿಲ್ಲ. ಈಗ ಹೇಳುತ್ತೇನೆ.

ಆ ಮೂವತ್ತೆಂಟು ಮಕ್ಕಳಲ್ಲಿ ಒಬ್ಬಳು ನನ್ನ ಮಗಳು.

ಮೊದಲ ಸಲದ ಹಾಳೆಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂಡುತ್ತಿದ್ದೆ. ಒಂದು ಹಾಳೆಯಲ್ಲಿ ಗುರುತುಗಳೆಲ್ಲ ಉಲ್ಟಾ. ನಾವು ಸರಿ ಗುರುತು ಹಾಕಿದರೆ ಉದ್ದನೆಯ ಗೆರೆ ಬಲಕ್ಕೆ ಏಳುತ್ತದೆ. ಈ ಹಾಳೆಯಲ್ಲಿ ಎಡಕ್ಕೆ ಎದ್ದಿತ್ತು. ಎಡಗೈಯವರು ಮಾತ್ರ ಹಾಗೆ ಹಾಕುತ್ತಾರೆ. ತರಗತಿಯಲ್ಲಿ ಎಡಗೈಯವಳು ಒಬ್ಬಳೇ, ಅವಳು ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಬೋರಲಾಗಿ ಮಲಗಿ ಹಳೆಯ ರೇಡಿಯೋ ಬಿಚ್ಚುತ್ತಿದ್ದಳು. ಅವಳ ಹಾಳೆಯಲ್ಲಿ, ತರಗತಿ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುತ್ತೇನೆ, ಪೂರ್ತಿ ಒಪ್ಪುತ್ತೇನೆ. ಪ್ರಶ್ನೆ ಕೇಳಿದರೆ ನಮ್ಮ ಟೀಚರಿಗೆ ಸಂತೋಷವಾಗುತ್ತದೆ, ಒಂಚೂರೂ ಒಪ್ಪುವುದಿಲ್ಲ.

ಆ ಟೀಚರು ಯಾರು? ನಾನೇ.

ಮೌನವಾಗಿ ಕೂಡಿಕೊಂಡು ಮುಂದಿನ ಹಾಳೆಗೆ ಹೋಗಬೇಕಿತ್ತು. ಸಂಶೋಧಕಿ ಮಾಡಬೇಕಾದ್ದು ಅದು. ನಾನು ಹಾಳೆ ಹಿಡಿದುಕೊಂಡು ಎದ್ದು ಹೋದೆ.

"ಏನೇ ಇದು?"

ಅವಳು ಹಾಳೆ ನೋಡಿದಳು, ನನ್ನ ಮುಖ ನೋಡಿದಳು. "ಅದು ನಂದು ಅಂತ ಯಾರು ಹೇಳಿದ್ರು? ಯಾರಿಗೂ ಗೊತ್ತಾಗಲ್ಲ ಅಂದಿದ್ದೆ ನೀನೇ ತಾನೆ?"

"ನಾನು ನಿಮ್ಮಮ್ಮ ಕಣೇ. ನಿನ್ನ ಗೆರೆ ನಂಗೆ ಗೊತ್ತಾಗಲ್ವಾ?"

"ಹಾಗಾದ್ರೆ ಮೊದಲೇ ಹೇಳ್ಬೇಕಿತ್ತು. ಚೆನ್ನಾಗೇ ಬರೀತಿದ್ದೆ."

ಇದನ್ನು ಅವಳು ಕೋಪದಿಂದ ಹೇಳಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ನಾನು ಏನು ಮಾಡಿದೆ ಗೊತ್ತೆ? ಚೀಲದಿಂದ ಇನ್ನೊಂದು ಖಾಲಿ ಹಾಳೆ ತೆಗೆದು ಅವಳ ಮುಂದಿಟ್ಟೆ. "ಯೋಚನೆ ಮಾಡಿ ತುಂಬು" ಎಂದೆ. ಅವಳು ಪೆನ್ಸಿಲನ್ನು ಬಲಗೈಗೆ ತೆಗೆದುಕೊಂಡಳು. ಸೊಟ್ಟಪಟ್ಟ ಗೆರೆಗಳಲ್ಲಿ ನಲವತ್ತಕ್ಕೆ ನಲವತ್ತೂ ನನಗೆ ಬೇಕಾದ ಚೌಕಗಳಲ್ಲೇ ಗುರುತು ಹಾಕಿ ಕೊಟ್ಟಳು. ಆ ಹಾಳೆಯನ್ನು ನಾನು ಕಟ್ಟಿನಲ್ಲಿ ಸೇರಿಸಿದೆ. ನಿಜವಾದದ್ದನ್ನು ತೆಗೆದೆ. ಸಮ್ಮೇಳನಕ್ಕೆ ಬರೆದ ಕ್ಷಮೆಯ ಪತ್ರದಲ್ಲಿ ಇದರ ಸುದ್ದಿ ಇರಲಿಲ್ಲ. ಇವತ್ತು ಮೊದಲ ಸಲ ಈ ಮಾತು ನನ್ನ ಬಾಯಿಂದ ಹೊರಗೆ ಬೀಳುತ್ತಿದೆ.

ಮುಂದಿನ ಸಲ ಹಾಳೆ ಹಂಚುವ ಮೊದಲು ಅವಳು ಗೆಳತಿಯರಿಗೆ ಹೇಳಿದ್ದಳಂತೆ. "ನಮ್ಮಮ್ಮಂಗೆ ಗೆರೆ ನೋಡಿದ್ರೆ ಯಾರದು ಅಂತ ಗೊತ್ತಾಗುತ್ತೆ. ಎಲ್ಲದಕ್ಕೂ ಹೂಂ ಅಂತ ಹಾಕ್ಬಿಡಿ, ತಂಟೇನೇ ಇರಲ್ಲ." ಮಾತು ಬೆಂಚಿನಿಂದ ಬೆಂಚಿಗೆ ಹೋಯಿತು. ಹೀಗೆ ಬಂದದ್ದು ಆ ನೂರ ಎಂಬತ್ತೇಳು.

ಊರ ಮಕ್ಕಳ ಮನಸ್ಸು ಅಳೆಯಲು ಹೊರಟವಳ ಮನೆಯಲ್ಲಿ ಆಮೇಲೆ ಏನಾಯಿತು? ದೀಪದ ಬುಡ ಕತ್ತಲೆ ಎನ್ನುತ್ತಾರಲ್ಲ, ಅದೇ. ಸುಮಾರು ಮೂರು ವರ್ಷ ನನ್ನ ಮಗಳು ನಾನು ಏನು ಕೇಳಿದರೂ ಒಂದೇ ಉತ್ತರ ಕೊಟ್ಟಳು. ಶಾಲೆ ಹೇಗಿತ್ತೇ? ಚೆನ್ನಾಗಿತ್ತು. ಸಾರು ಹೇಗಿದೆ? ಚೆನ್ನಾಗಿದೆ. ಈ ಬಟ್ಟೆ ಇಷ್ಟ ಆಯ್ತಾ? ಚೆನ್ನಾಗಿದೆ. ನಮ್ಮ ಮನೆಯವರು "ಎಷ್ಟು ಒಳ್ಳೆ ಹುಡುಗಿ, ಯಾವುದಕ್ಕೂ ತಕರಾರಿಲ್ಲ" ಎಂದು ಹಿಗ್ಗುತ್ತಿದ್ದರು. ನನಗೆ ಮಾತ್ರ ಗೊತ್ತಿತ್ತು. ಅವಳು ದಿನಾ ನನಗೆ ಮೊದಲ ಚೌಕ ತುಂಬಿ ಕೊಡುತ್ತಿದ್ದಳು. ಹೆತ್ತ ತಾಯಿಗೆ ಮಗಳ ಮನಸ್ಸಿನ ಬಾಗಿಲು ಒಳಗಿನಿಂದ ಹಾಕಿಕೊಂಡದ್ದು ಸಣ್ಣ ಸಂಕಟವಲ್ಲ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಅವಳಿಗೆ ಹದಿನಾರು ತುಂಬಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ನಾನು ಎತ್ತಿಟ್ಟಿದ್ದ ಆ ಮೊದಲನೇ ಹಾಳೆಯನ್ನು ಬೀರುವಿನಿಂದ ತೆಗೆದು ಅವಳ ಮುಂದೆ ಇಟ್ಟೆ. "ಇದೇ ಸರಿ ಇತ್ತು ಕಣಮ್ಮ. ಬದಲಾಯಿಸಿದ್ದು ನಾನು. ತಪ್ಪು ಮಾಡ್ದೆ" ಎಂದೆ. ಅಷ್ಟು ಹೇಳಲು ಮೂರು ವರ್ಷ! ಗುರಾಣಿ ಹಿಂದಿರುಗಿಸಲು ಮೂರೇ ವಾರ ಸಾಕಾಗಿತ್ತು.

ಅವಳು ಹಾಳೆಯನ್ನು ನನ್ನ ಕಡೆಗೇ ಸರಿಸಿದಳು. ಆಮೇಲೆ, "ಒಂದು ಹೇಳ್ಲಾ, ಬೇಜಾರು ಮಾಡ್ಕೋಬಾರದು" ಎಂದಳು. "ಫ್ರಿಜ್ಜಿನ ಒಳಗೆ ತಣ್ಣಗಿರುತ್ತೆ, ಹಿಂದುಗಡೆ ಯಾಕೆ ಬಿಸಿ ಇರುತ್ತೆ ಅಂತ ಕ್ಲಾಸಲ್ಲಿ ಕೇಳಿದ್ದೆ. ನೀನು 'ಮುಂದೆ ಬರುತ್ತೆ, ಕೂತ್ಕೋ' ಅಂದೆ. ಎಂಟನೇ ಕ್ಲಾಸು ಮುಗೀತು, ಒಂಬತ್ತು ಮುಗೀತು, ಹತ್ತೂ ಮುಗೀತು. ಮುಂದೆ ಬರಲೇ ಇಲ್ಲಮ್ಮ."

ಬೇಜಾರಾಯಿತು. ಬಹಳ ಬೇಜಾರಾಯಿತು. ಆದರೆ ಮೂರು ವರ್ಷದ ಮೇಲೆ ಅವಳ ಬಾಯಿಂದ "ಚೆನ್ನಾಗಿದೆ" ಅಲ್ಲದ ಮಾತು ಕೇಳಿದ ಸಂತೋಷವೂ ಆಯಿತು. ಇಬ್ಬರೂ ಅಡುಗೆಮನೆಗೆ ಹೋಗಿ ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದೆವು. ನೆಲದ ಮೇಲೆ ಗೀರು ಬಿತ್ತು, ಇವತ್ತಿಗೂ ಇದೆ.

ನನ್ನ ಮಗಳು ಕಾಲೇಜಿನಲ್ಲಿ ವಿಜ್ಞಾನ ಓದಲಿಲ್ಲ. ಇವತ್ತು ಫ್ರಿಜ್ಜು ರಿಪೇರಿ ಅಂಗಡಿ ಇಟ್ಟಿದ್ದಾಳೆ, ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದಾಳೆ. ಯಾರ ಮನೆಗೆ ಹೋದರೂ ಯಂತ್ರ ಯಾಕೆ ಕೆಟ್ಟಿತು ಎಂದು ಅವರಿಗೆ ತಿಳಿಯುವವರೆಗೆ ವಿವರಿಸದೆ ಎದ್ದು ಬರುವುದಿಲ್ಲ. ಇದು ವಿಜ್ಞಾನದ ಮೇಲಿನ ಮನಸ್ಸು ಅಲ್ಲದಿದ್ದರೆ ಮತ್ತೇನು? ಫ್ರಿಜ್ಜು ಎಳೆದ ಆ ದಿನ ನನಗೆ ಅರ್ಥವಾದದ್ದು ಇದು: ತರಗತಿಯ ಮೇಲೆ ಬೇಸರ ಬೇರೆ, ತಿಳಿಯುವುದರ ಮೇಲೆ ಆಸೆ ಬೇರೆ. ನನ್ನ ಮೊದಲ ಮಾಪಕ ಎರಡನ್ನೂ ಒಂದೇ ಚೀಲಕ್ಕೆ ತುಂಬಿತ್ತು.

ಮೊದಲಿನಿಂದ ಬರೆದೆ. ತರಗತಿಗೆ ಇಪ್ಪತ್ತು ವಾಕ್ಯ, ಕುತೂಹಲಕ್ಕೆ ಇಪ್ಪತ್ತು. ಕೂಡುವುದು ಬೇರೆ ಬೇರೆ. ಪಾಠ ಮಾಡುವವರು ಆ ಹೊತ್ತು ಕೋಣೆಯಲ್ಲಿ ಇರಕೂಡದು. ಹಾಳೆಗಳನ್ನು ಮಕ್ಕಳೇ ಕಲೆಸಿ ಚೀಲಕ್ಕೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪೆನ್ಸಿಲೇ ಇಲ್ಲ. ಪ್ರತಿ ಮಗುವಿಗೂ ಒಂದು ಚೂಪು ಕಡ್ಡಿ. ಬೇಕಾದ ಚೌಕದಲ್ಲಿ ತೂತು ಮಾಡಬೇಕು. ತೂತಿಗೆ ಎಡಗೈ ಬಲಗೈ ಇಲ್ಲ, ಹೆತ್ತ ತಾಯಿಗೂ ಗುರುತು ಸಿಕ್ಕುವುದಿಲ್ಲ. ಸಹೋದ್ಯೋಗಿಗಳು ಇದನ್ನು ತೂತಿನ ಮಾಪಕ ಎಂದು ನಕ್ಕರು. ನಗಲಿ. ಆ ತೂತುಗಳ ಮೂಲಕ ಮುನ್ನೂರು ಶಾಲೆಗಳ ಮೇಷ್ಟ್ರುಗಳು ತಮ್ಮ ಪಾಠ ಹೇಗಿದೆ ಎಂದು ನೋಡಿಕೊಂಡಿದ್ದಾರೆ. ಐದನೇ ಆವೃತ್ತಿಯ ಕರಡನ್ನು ನನ್ನ ಮಗಳೇ ಓದಿದಳು. "ಇದು ಯಾವ ಮಗುವಿಗೆ ಅರ್ಥ ಆಗುತ್ತಮ್ಮಾ?" ಎಂದು ಹನ್ನೊಂದು ವಾಕ್ಯ ಹೊಡೆದು ಹಾಕಿದಳು. ಹನ್ನೊಂದನ್ನೂ ತೆಗೆದು ಬೇರೆ ಬರೆದೆ.

ಈಗ ನಿರ್ದೇಶಕರು ಘೋಷಿಸಿದ ವಿಷಯಕ್ಕೆ ಬರುತ್ತೇನೆ. ಬರುವ ವರ್ಷದಿಂದ ಈ ಮಾಪಕ ಎಲ್ಲ ಶಾಲೆಗಳಿಗೂ ಹೋಗುತ್ತದೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನನಗೂ ಕಣ್ಣು ತುಂಬಿತು. ಹಾಳೆಯ ಮೇಲ್ತುದಿಯಲ್ಲಿ ಮಗುವಿನ ಹೆಸರಿಗೂ ನೋಂದಣಿ ಸಂಖ್ಯೆಗೂ ಒಂದು ಚೌಕ ಇರುತ್ತದೆ ಎಂದರು. ವಿಜ್ಞಾನ ವಿಭಾಗದಲ್ಲಿ ಸೀಟು ಕೊಡುವಾಗ ಇದರ ಅಂಕವನ್ನೂ ಲೆಕ್ಕಕ್ಕೆ ಹಿಡಿಯುತ್ತಾರಂತೆ. ನೀವು ಮತ್ತೆ ಚಪ್ಪಾಳೆ ತಟ್ಟಿದಿರಿ. ಅದರ ಒಪ್ಪಿಗೆ ಪತ್ರ ಈ ಮೇಜಿನ ಮೇಲಿದೆ. ಕಾರ್ಯಕ್ರಮ ಪಟ್ಟಿಯ ಪ್ರಕಾರ ನನ್ನ ಮಾತು ಮುಗಿದ ಕೂಡಲೇ ನಾನು ಸಹಿ ಹಾಕಬೇಕು, ಫೋಟೋ ತೆಗೆಯುವವರು ಸಿದ್ಧರಾಗಿ ನಿಂತಿದ್ದಾರೆ.

ನಿರ್ದೇಶಕರೇ, ನಿಮ್ಮ ಉದ್ದೇಶ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರಿನ ಆ ಒಂದು ಚೌಕ ಇದ್ದರೆ ಉಳಿದ ಇನ್ನೂರು ಚೌಕಗಳು ವ್ಯರ್ಥ. ಸೀಟು ಬೇಕಾದ ಯಾವ ಮಗು ತಾನೇ "ನನಗೆ ಬೇಸರ" ಎಂದು ತೂತು ಮಾಡೀತು? ಎಲ್ಲ ಮಕ್ಕಳೂ ಚೆನ್ನಾಗೇ ಬರೆಯುತ್ತಾರೆ. ಎಲ್ಲ ಶಾಲೆಗಳ ಗ್ರಾಫೂ ಕಾಗದದ ತುದಿ ಮುಟ್ಟುತ್ತದೆ. ಎಲ್ಲರಿಗೂ ಗುರಾಣಿ ಸಿಗುತ್ತದೆ. ಮನೆಮನೆಯಲ್ಲಿ ಒಂದೊಂದು ಮಗು "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಾ ಬಾಯಿ ಮುಚ್ಚಿಕೊಂಡು ಬೆಳೆಯುತ್ತದೆ. ಅದರ ಬೆಲೆ ನಾನು ಒಂದು ಮನೆಯಲ್ಲಿ ತೆತ್ತಿದ್ದೇನೆ, ಇಡೀ ನಾಡಿನ ಮನೆಗಳಿಗೆ ಅದನ್ನು ಹಂಚಲಾರೆ.

ಆದ್ದರಿಂದ ಈ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ಹೆಸರಿನ ಚೌಕ ತೆಗೆದು ತನ್ನಿ, ಇಲ್ಲೇ ನಿಂತುಕೊಂಡು ಹಾಕುತ್ತೇನೆ. ಇಲ್ಲವಾದರೆ ನನ್ನ ಮಾಪಕ ಕಪಾಟಿನಲ್ಲೇ ಇರಲಿ. ಇಪ್ಪತ್ತಮೂರು ವರ್ಷದ ದುಡಿಮೆ ಹೀಗೆ ಮೂಲೆ ಸೇರಿದರೆ ನೋವಾಗದೆ? ಆಗುತ್ತದೆ. ಪ್ರಾಂಶುಪಾಲರು ಆಗಲೇ ಎರಡು ಸಲ ಗಡಿಯಾರ ನೋಡಿದರು, ಈಗ ನನ್ನನ್ನು ನೋಡುತ್ತಿದ್ದಾರೆ. ಬೇಸರಿಸಬೇಡಿ ಸಾರ್, ಇಲ್ಲಿಗೆ ಬರುವವರೆಗೆ ನನಗೂ ಇಷ್ಟು ಧೈರ್ಯ ಇದೆ ಎಂದು ಗೊತ್ತಿರಲಿಲ್ಲ.

ನನ್ನ ಮಾತಿಗೆ ಪುರಾವೆ ಬೇಕೇ? ಇಲ್ಲೇ ಒಂದು ಪ್ರಯೋಗ ಮಾಡೋಣ. ಸಭೆಯಲ್ಲಿ ನಾನೂರು ಜನ ಇದ್ದೀರಿ. ದೀಪಗಳೆಲ್ಲ ಉರಿಯುತ್ತಿವೆ, ಎಲ್ಲರ ಮುಖ ಎಲ್ಲರಿಗೂ ಕಾಣುತ್ತಿದೆ. ವೇದಿಕೆಯ ಮೇಲೆ ನಿಮ್ಮ ಪ್ರಾಂಶುಪಾಲರಿದ್ದಾರೆ, ನಿರ್ದೇಶಕರಿದ್ದಾರೆ. ನನ್ನ ಭಾಷಣ ತೀರಾ ಉದ್ದವಾಯಿತು ಎಂದು ಯಾರಿಗೆ ಅನಿಸಿದೆಯೋ ಅವರು ಕೈ ಎತ್ತಿ. ನಾಚಿಕೆ ಬೇಡ.

ಎತ್ತಿ, ಎತ್ತಿ.

ನೋಡಿದಿರಾ? ಕೊನೆಯ ಸಾಲಿನವರೂ ಎತ್ತಲಿಲ್ಲ. ಇಡೀ ಸಭೆಯಲ್ಲಿ ಒಂದೇ ಒಂದು ಕೈ ಮೇಲಿದೆ. ಕಂಬದ ಪಕ್ಕದಲ್ಲಿ. ಎಡಗೈ.

ಕೈ ಇಳಿಸಮ್ಮಾ, ನೋಡಿದೆ. ಈ ಉತ್ತರವನ್ನು ಈ ಸಲ ಬದಲಾಯಿಸುವುದಿಲ್ಲ, ಇಲ್ಲಿಗೇ ಮುಗಿಸುತ್ತೇನೆ.

ಇಷ್ಟು ಹೊತ್ತು ಕೇಳಿದ್ದಕ್ಕೆ, ಬೇಸರವಾಗಿದ್ದರೂ ತೋರಿಸದೆ ಕುಳಿತದ್ದಕ್ಕೆ, ಒಬ್ಬಳು ತೋರಿಸಿದ್ದಕ್ಕೆ, ನಿಮಗೆಲ್ಲರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.